ಭಂಡಾರ ಬಿದ್ದ ಹರಳು

ಬನಹಟ್ಟಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಈಗ ಜಮಖಂಡಿಯಲ್ಲಿ ಮನೆ. ಹೊಸದಾಗಿ ನೌಕರಿಗೆ ಸೇರಿದವರು ಆಗೀಗ ಬಂದು, “ಸರ್, ನಮ್ಮಂಥಾ ಊರಾಗ ಕೂತು ಸಂಶೋಧನೆ ಮಾಡಲಿಕ್ಕೆ ಆಗ್ತದೇನ್ರಿ?” ಎಂದು ಕೇಳುತ್ತಾರೆ. ಆಗುತ್ತದೆ ಎನ್ನುತ್ತೇನೆ. ಚಹಾ ಕುಡಿದು ಸಂತೋಷದಿಂದ ಎದ್ದು ಹೋಗುತ್ತಾರೆ. ಅವರು ಗೇಟು ದಾಟಿದ ಮೇಲೆ, ಹೇಳಿದ್ದು ಅರ್ಧವೇ ಆಯಿತಲ್ಲ ಎಂದು ಮನಸ್ಸು ಕುಟುಕುತ್ತದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಜೀವ ಕೊಟ್ಟು ಕಲಿಸಿದ ವಿಷಯ ಗ್ರೂಪ್ ಥಿಯರಿ. ಹೆದರಬೇಡಿ, ಹೊಲದಲ್ಲಿ ಹೂಡುವ ಮೂರು ಕಲ್ಲಿನ ಒಲೆಯನ್ನು ನೆನೆಸಿಕೊಳ್ಳಿ. ಕಲ್ಲುಗಳು ಒಂದೇ ಸಮ ಇದ್ದರೆ, ಒಲೆಯನ್ನು ಸುತ್ತಿನ ಮೂರರಲ್ಲೊಂದು ಪಾಲು ತಿರುಗಿಸಿದರೂ ಅದು ಮೊದಲಿನಂತೆಯೇ ಕಾಣುತ್ತದೆ. ಒಂದು ವಸ್ತುವನ್ನು ಇದ್ದ ಹಾಗೆಯೇ ಉಳಿಸುವ ಇಂಥ ತಿರುವುಗಳನ್ನೂ ಕನ್ನಡಿ ಬಿಂಬಗಳನ್ನೂ ಒಟ್ಟುಗೂಡಿಸಿದರೆ ಅದೇ ಗ್ರೂಪ್. ಹರಳಿನೊಳಗಿನ ಅಣುಗಳು ಸದಾ ಕಂಪಿಸುತ್ತಿರುತ್ತವೆ. ಆ ಹರಳಿನ ಸಮಮಿತಿ ಯಾವ ಗ್ರೂಪಿನದು ಎಂದು ತಿಳಿದರೆ, ಎಷ್ಟು ಬಗೆಯ ಕಂಪನಗಳಿವೆ, ಯಾವ ಕಂಪನ ಯಾವ ಯಂತ್ರದಲ್ಲಿ ಗೆರೆಯಾಗಿ ಕಾಣುತ್ತದೆ, ಯಾವುದು ಕಾಣುವುದಿಲ್ಲ, ಇಷ್ಟನ್ನೂ ಯಂತ್ರ ಮುಟ್ಟುವ ಮೊದಲೇ ಕಾಗದದ ಮೇಲೆ ಹೇಳಬಹುದು. ಯಂತ್ರವೇ ಇಲ್ಲದ ನಮ್ಮ ಕಾಲೇಜಿಗೆ ಇದಕ್ಕಿಂತ ಛಲೋ ವಿಜ್ಞಾನ ಇನ್ನಾವುದಿತ್ತು?

ಕಲಿಯುವವರು ಕಡಿಮೆ. ಜೋಳದ ದಂಟಿಗೆ ಮಣ್ಣಿನ ಉಂಡೆ ಸಿಕ್ಕಿಸಿ ಅಣುಗಳ ಮಾದರಿ ಮಾಡಿ ಕಪಾಟಿನ ಮೇಲೆ ಇಟ್ಟರೆ, ರಜೆಯಲ್ಲಿ ಇಲಿಗಳು ದಂಟು ತಿಂದು ಉಂಡೆ ಉರುಳಿಸಿರುತ್ತಿದ್ದವು. ಆ ಮಾದರಿಗಳನ್ನು ಮುಟ್ಟಿ, ತಿರುಗಿಸಿ, ತಲೆ ಕೆಳಗಾಗಿ ಹಿಡಿದು ನೋಡಿದವಳು ಒಬ್ಬಳೇ: ಮಾಳವ್ವ ಪೂಜಾರಿ. ಬೀಳಗಿ ತಾಲೂಕಿನ ಅನಗವಾಡಿಯವಳು. ಕುರಿ ಕಾಯುವ ಹಾಲುಮತದ ಮನೆತನ, ತಂದೆ ಬೀರಪ್ಪ ಬೀರೇಶ್ವರನ ಗುಡಿಯ ಪೂಜಾರಿ. ಸಲ್ಫೇಟ್ ಎಂಬ ಅಣುಗುಂಪಿನಲ್ಲಿ ನಡುವೆ ಒಂದು ಗಂಧಕ, ಸುತ್ತ ನಾಲ್ಕು ಆಮ್ಲಜನಕ. ಅವು ನಾಲ್ಕೂ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುವ ಕಂಪನವನ್ನು ನಾನು ಕೈ ಅರಳಿಸಿ ಮುಚ್ಚಿ ತೋರಿಸುತ್ತಿದ್ದಾಗ ಆಕೆ ಎದ್ದು ನಿಂತಳು.

“ಸರ್, ಇದು ಡೊಳ್ಳಿನ ಮ್ಯಾಳ ಅಲ್ಲೇನ್ರಿ? ಎಲ್ಲಾರೂ ಕೂಡೇ ಒಳಗ ಬರತಾರ, ಕೂಡೇ ಹೊರಗ ಸರೀತಾರ.”

“ಖರೆ ಅದವಾ. ಮತ್ತ ಒಬ್ಬ ಒಳಗ ಬಂದಾಗ ಇನ್ನೊಬ್ಬ ಹೊರಗ ಹೋದರ?”

“ಅದು ಬ್ಯಾರೆ ಕುಣಿತರಿ. ಇಲ್ಲಾಂದ್ರ ಕುಡದಿರಬೇಕ್ರಿ.”

ತರಗತಿ ನಕ್ಕಿತು. ಆ ದಿನ ನಾನು ಬರೆಸಿದ ವಾಕ್ಯ ಇದು: ಎಲ್ಲರೂ ಕೂಡಿ ಕುಣಿಯುವ ಈ ಕಂಪನವನ್ನು ರಾಮನ್ ವರ್ಣಪಟಲದಲ್ಲಿ ಯಾವ ಸಮಮಿತಿಯೂ ನಿಷೇಧಿಸಲಾರದು. ರಾಮನ್ ವಿಧಾನ ಎಂದರೆ ಹರಳಿನ ಮೇಲೆ ಲೇಸರ್ ಬಿಟ್ಟು, ಚದುರಿ ಬರುವ ಬೆಳಕಿನ ಬಣ್ಣ ಎಷ್ಟು ಬದಲಾಗಿದೆ ಎಂದು ಅಳೆದು ಕಂಪನಗಳನ್ನು ಗುರುತಿಸುವುದು. ಅದರಲ್ಲಿ ಉಳಿದ ಕುಣಿತಗಳು ಕಂಡಾವು, ಕಾಣದೆಯೂ ಇದ್ದಾವು. ಡೊಳ್ಳಿನ ಮೇಳ ಇದ್ದರೆ ಮಾತ್ರ ಕಂಡೇ ಕಾಣುತ್ತದೆ.

ಮಾಳವ್ವ ಎಂ.ಎಸ್‌ಸಿ. ಮುಗಿಸಿ ನಮ್ಮಲ್ಲಿಯೇ ಅತಿಥಿ ಉಪನ್ಯಾಸಕಿಯಾಗಿ ಬಂದಳು. ಅತಿಥಿ ಎಂದರೆ ವರ್ಷಕ್ಕೊಮ್ಮೆ ಹೊರಗೆ ಹಾಕಿ ಮತ್ತೆ ಕರೆಯುವ ನೌಕರಿ. ಖಾಯಂ ಆಗಬೇಕಾದರೆ ಡಾಕ್ಟರೇಟ್ ಇದ್ದವರಿಗೆ ಮೇಲುಗೈ. ಆಕೆಯ ಊರು ಆಣೆಕಟ್ಟಿನ ಹಿನ್ನೀರಿಗೆ ಹೋಗುವುದೆಂದು ಗೊತ್ತಾಗಿತ್ತು. ಕುರಿ ಮೇಯುವ ಹೊಳೆದಂಡೆಯೇ ಇಲ್ಲವಾದ ಮೇಲೆ ಮನೆ ನಿಲ್ಲುವುದು ಆಕೆಯ ಪಗಾರದ ಮೇಲೆ. ವಿಶ್ವವಿದ್ಯಾಲಯದಲ್ಲಿ ಇನಾಮದಾರ ಎಂಬ ಪ್ರಾಧ್ಯಾಪಕರು ಗೈಡ್ ಆಗಲು ಒಪ್ಪಿದರು. ದೊಡ್ಡ ಹೆಸರು, ಮೆತ್ತಗಿನ ಮಾತು, ಇಸ್ತ್ರಿ ಕೆಡದ ಸಫಾರಿ. ವಿಷಯವನ್ನು ಅವರೇ ಕೊಟ್ಟರು: ಗ್ಲೈಸಿನ್ ಎಂಬ ಬಿಳಿ ಪುಡಿಯನ್ನೂ ಅಮೋನಿಯಂ ಸಲ್ಫೇಟನ್ನೂ ನೀರಿನಲ್ಲಿ ಕರಗಿಸಿ, ನೀರು ನಿಧಾನವಾಗಿ ಆರಲು ಬಿಟ್ಟು, ಎರಡೂ ಕೂಡಿದ ಹೊಸ ಹರಳು ಬೆಳೆಸುವುದು. ಕಣ್ಣಿಗೆ ಕಾಣದ ಅವಕೆಂಪು ಲೇಸರನ್ನು ಅದರೊಳಗೆ ಹಾಯಿಸಿದರೆ ಹಸಿರು ಬೆಳಕು ಹೊರಬರಬೇಕು. ಒಳರಚನೆಗೆ ಸಮಮಿತಿಯ ಕೇಂದ್ರವಿಲ್ಲದ ಹರಳುಗಳಷ್ಟೇ ಈ ಗುಣ ತೋರುತ್ತವೆ. ಆ ಕಾಲಕ್ಕೆ ಅಂಥ ಹರಳುಗಳಿಗೆ ಬಹಳ ಬೇಡಿಕೆ.

ನಮ್ಮ ಪ್ರಯೋಗಾಲಯದ ಹಿಂಗೋಡೆಗೆ ಅಂಟಿಕೊಂಡು ವಿದ್ಯುತ್ ಮಗ್ಗಗಳು. ಅವು ಖಟಖಟ ಶುರುವಾದವೆಂದರೆ ಬೀಕರಿನ ನೀರಿನ ಮೇಲೆ ನಡುಕ. ಅಲುಗುವ ದ್ರಾವಣದಲ್ಲಿ ದೊಡ್ಡ ಹರಳು ಬೆಳೆಯುವುದಿಲ್ಲ, ತಳದಲ್ಲಿ ರವೆಯಂತೆ ಉದುರುತ್ತದೆ. ಪ್ರಿನ್ಸಿಪಾಲರಿಗೆ ಬೇರೆ ಕೋಣೆ ಕೇಳಿದೆ.

“ಜೋಶಿಯವರ, ನೀರ ಆರೂದನ್ನ ನೋಡಕೋತ ಕೂಡಲಿಕ್ಕೆ ಕೋಣಿ ಬೇಕೇನ್ರಿ? ನಮ್ಮ ಮನಿ ಮ್ಯಾಲ ಸಂಡಿಗಿ ಆರ್ತಾವ, ಅಲ್ಲೇ ಬರ್ರಿ.”

ಕೊನೆಗೆ ಮಾಳವ್ವನೇ ಉಪಾಯ ಹೇಳಿದಳು. “ನಮ್ಮೂರಾಗ ಮಗ್ಗ ಇಲ್ಲ, ಲಾರಿ ಇಲ್ರಿ. ಅರ್ಧ ಊರ ಆಗಲೇ ಖಾಲಿ ಆಗೈತಿ. ಅಲ್ಲಿ ಇಡೂಣ್ರಿ.”

ಹೀಗೆ ಒಂದು ಸಂಶೋಧನೆ ಮುಳುಗಲಿರುವ ಊರಿನ ಪೂಜಾರಿಯ ಮನೆಯ ಪಡಸಾಲೆಗೆ ಹೋಯಿತು. ಹಗಲಿನ ಬಿಸಿ ತಟ್ಟಬಾರದೆಂದು ಬೀರಪ್ಪ ಬೀಕರಿಗೆ ತನ್ನ ಕೈಯಾರೆ ಕಂಬಳಿ ಸುತ್ತಿದ. ಮೊದಲ ಸಲ ಕಂಬಳಿಯ ಉಣ್ಣೆ ಎಳೆಗಳು ಒಳಗೆ ಬಿದ್ದು, ಒಂದೊಂದು ಎಳೆಗೂ ಹರಳು ಹಿಡಿದು, ಬೀಕರಿನಲ್ಲಿ ಜಾಲಿಮುಳ್ಳಿನ ಪೊದೆ ಬೆಳೆದಿತ್ತು. ಬೀರಪ್ಪನಿಗೆ ಅದೇ ಚಂದ ಕಂಡಿತು. “ಒಂದ ಕೇಳಿದ್ರಿ, ಹಿಂಡ ಕೊಟ್ಟೈತಿ,” ಎಂದ. ಎರಡನೆಯ ಸಲ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಹೊರಗೆ ಮಾತ್ರ ಕಂಬಳಿ ಸುತ್ತಿದೆವು. ಹೆಬ್ಬೆರಳಿನಷ್ಟು ದಪ್ಪ ಹರಳು ಬಂತು. ತಿಳಿಯಾದ ಹಳದಿ ಛಾಯೆ, ಬಿಸಿಲಿಗೆ ಹಿಡಿದರೆ ಕಲ್ಲುಸಕ್ಕರೆಯ ಹೊಳಪು.

ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯಲ್ಲಿ ಅದರ ಪುಡಿಯ ಮೇಲೆ ಲೇಸರ್ ಬಿಟ್ಟರು. ಹಸಿರು ಬೆಳಕು ಬಂತು. ಮಾಳವ್ವ ಅಲ್ಲಿಂದಲೇ ಫೋನ್ ಮಾಡಿದಳು. “ಸರ್, ಗರಿಕಿ ಹಸರ್ರಿ ಸರ್, ಖರೇನ ಹಸರು!” ಆಮೇಲೆ ಅತ್ತಳು. ನನ್ನ ವೃತ್ತಿಯಲ್ಲಿ ಅಂಥ ಸಂತೋಷದ ದಿನಗಳು ಬಹಳ ಬರಲಿಲ್ಲ.

ಇನಾಮದಾರರು ತಡಮಾಡಲಿಲ್ಲ. ಹೊಸ ಸಂಯುಕ್ತ ಎಂದು ಹೆಸರಿಟ್ಟು ಒಂದು ವಿಜ್ಞಾನ ಪತ್ರಿಕೆಗೆ ಪ್ರಬಂಧ ಕಳಿಸಿದರು. ಮೊದಲ ಹೆಸರು ಮಾಳವ್ವನದು. ಹರಳು ಯಾವ ಅವಕೆಂಪು ಬೆಳಕನ್ನು ಹೀರುತ್ತದೆ ಎಂದು ತೋರಿಸುವ ವರ್ಣಪಟಲದಲ್ಲಿ ಸಲ್ಫೇಟಿನ ಪಟ್ಟಿ ಇರಬೇಕಾದ ಜಾಗದಲ್ಲಿ ಪಟ್ಟಿ ಇತ್ತು. ಅದೇ ಜಾಗದಲ್ಲಿ ಗ್ಲೈಸಿನ್ನಿನ ಪಟ್ಟಿಯೂ ಬರುತ್ತದೆ, ಅದರಿಂದ ನಿರ್ಣಯ ಆಗುವುದಿಲ್ಲ, ರಾಮನ್ ತೆಗೆಸಿರಿ ಎಂದು ನಾನು ಹೇಳುತ್ತಲೇ ಇದ್ದೆ. ತೆಗೆಸಿದಾಗ ಗೆರೆಗಳೇ ಇಲ್ಲ, ಹಾಳೆಯ ತುಂಬ ಒಂದು ದೊಡ್ಡ ದಿಬ್ಬ. ಹರಳಿನಲ್ಲಿ ಏನೋ ಲೇಸರಿಗೆ ತಾನೇ ಹೊಳೆದು ಎಲ್ಲ ಗೆರೆಗಳನ್ನೂ ಮುಚ್ಚಿಬಿಟ್ಟಿತ್ತು. ಇನಾಮದಾರರು ನಕ್ಕರು. “ಜೋಶಿ, ಹೊಳೀತದ ಅಂದರ ಅದೂ ಒಂದು ಗುಣಾನ ಅಲ್ಲ? ಇನ್ನೊಂದು ಪೇಪರ್ ಆತು. ರಾಮನ್ ಬಿಡ್ರಿ.” ತಿಳಿಹಳದಿ ಎಂಬುದನ್ನೂ ಹೊಸ ಸಂಯುಕ್ತದ ಬಣ್ಣವೆಂದೇ ಬರೆದರು.

ಎರಡು ಬಿಳಿ ಪುಡಿಗಳು ಕೂಡಿ ಹಳದಿ ಏಕೆ ಆಗಬೇಕು? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಮಾವಾಸ್ಯೆಯ ದಿನ. ಅನಗವಾಡಿಗೆ ಹೋದಾಗ ಬೀರಪ್ಪ ಗುಡಿಯ ಪೂಜೆ ಮುಗಿಸಿ ಬಂದು, ಬೀಕರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಚೀಲದಿಂದ ಭಂಡಾರ ತೆಗೆಯುತ್ತಿದ್ದ. ಭಂಡಾರವೆಂದರೆ ಬೀರೇಶ್ವರನ ಅರಿಷಿಣ ಪುಡಿ. ಗಾಜಿಗೆ ಹಚ್ಚಿ, ಬಾಯಿಯ ಬಟ್ಟೆ ಸರಿಸಿ, ಒಂದು ಚಿಟಿಕೆ ಒಳಗೂ ಬಿಟ್ಟ.

“ಬೀರಪ್ಪಾ, ಏನ್ ಮಾಡ್ಲಿಕ್ಕತ್ತೀಯೋ?”

“ದೇವರ ಭಂಡಾರ್ರೀ ಮಾಸ್ತರ, ಅಮಾಸಿಗೊಮ್ಮಿ ಹಾಕತೇನಿ. ಹುಟ್ಟಿದ ಕೂಸಿಗೆ, ಈದ ಕುರೀಗೆ ಹಚ್ಚತೇವಿ. ಇದೂ ನಮ್ಮ ಮಾಳಿ ಕೂಸ ಅಲ್ಲೇನ್ರಿ?”

“ಹೊರಗ ಹಚ್ಚಪಾ, ಒಳಗ ಯಾಕ?”

“ಬೆಳಿಯೂದು ಒಳಗಲ್ಲೇನ್ರಿ?”

ಮಾಳವ್ವ ಒಳಗಿನಿಂದ ರೊಟ್ಟಿ ಹಿಟ್ಟಿನ ಕೈಯಲ್ಲಿ ಓಡಿ ಬಂದಳು. ಹಣೆ ಬಡಿದುಕೊಂಡಳು. ಹಣೆಯ ಮೇಲೆ ಐದು ಬೆರಳು ಮೂಡಿದವು. “ಯಪ್ಪಾ! ಅರಿಷಿಣ ಲೇಸರಿಗೆ ಹೊಳೀತೈತೋ ಯಪ್ಪಾ! ದಿಬ್ಬ ನಿಂದೋ!”

ಬೀರಪ್ಪನಿಗೆ ದಿಬ್ಬ ಅರ್ಥವಾಗಲಿಲ್ಲ. ಮಗಳಿಗೆ ಅಡ್ಡಿಯಾಯಿತು ಎಂಬುದಷ್ಟೇ ಅರ್ಥವಾಯಿತು. ಅವನು ಚೀಲದ ಬಾಯಿ ಕಟ್ಟಿಕೊಂಡು ಹಿತ್ತಲಿಗೆ ಹೋದ. ಊಟಕ್ಕೆ ಕರೆದರೂ ಬರಲಿಲ್ಲ.

ಅಷ್ಟರಲ್ಲಿ ಊರಿಗೆ ಹಿನ್ನೀರು ಬಂತು. ಹೊಳೆ ಏರಿ ಬಂದು ಮನೆ ಕೆಡವುವುದಿಲ್ಲ. ಮೊದಲು ಬಾವಿಗಳು ತುಂಬುತ್ತವೆ, ಆಮೇಲೆ ನೆಲದಡಿ ಕಾಳು ತುಂಬಿಡುವ ಹಗೇವು ಒದ್ದೆಯಾಗುತ್ತದೆ, ಆಮೇಲೆ ನೆಲ ತಣ್ಣಗಾಗುತ್ತದೆ. ಜನ ತೊಲೆ, ಬಾಗಿಲು ಕಿತ್ತು ಟ್ರ್ಯಾಕ್ಟರಿಗೆ ಹೇರಿ ಪುನರ್ವಸತಿ ಕೇಂದ್ರಕ್ಕೆ ನಡೆದರು. ಅಲ್ಲಿ ತಗಡಿನ ಶೆಡ್ಡು, ನೆರಳಿಲ್ಲದ ಬಯಲು. ಆ ಶೆಡ್ಡಿನಲ್ಲಿ, ನೆಲದೊಳಗೆ ಗುಂಡಿ ತೆಗೆದು, ಎರಡು ಕಂಬಳಿ ಸುತ್ತಿ, ಮಾಳವ್ವ ಮತ್ತೆ ಹರಳು ಬೆಳೆಸಿದಳು. ಈ ಸಲ ಬೀರಪ್ಪ ಆ ಮೂಲೆಗೇ ಸುಳಿಯಲಿಲ್ಲ. ಹರಳು ನೀರಿನಂತೆ ತಿಳಿಯಾಗಿ, ಬೆಳ್ಳಗೆ ಬಂತು. ಪುಡಿಗೆ ಹಸಿರು ಬೆಳಕೂ ಬಂತು, ಮೊದಲಿನಷ್ಟೇ ಜೋರಾಗಿ.

ರಾಮನ್ ಹಾಳೆ ಬಂದ ದಿನ ನಾವಿಬ್ಬರೂ ಪ್ರಯೋಗಾಲಯದಲ್ಲಿ ಕುಳಿತಿದ್ದೆವು. ಹಿಂದೆ ಮಗ್ಗಗಳು ಓಡುತ್ತಿದ್ದವು. ಈಗ ದಿಬ್ಬವಿರಲಿಲ್ಲ, ಒಂದೊಂದು ಗೆರೆಯೂ ಸೂಜಿಯಂತೆ ನಿಂತಿತ್ತು. ಮಾಳವ್ವ ಅಳತೆಪಟ್ಟಿ ಇಟ್ಟು ಎಡದಿಂದ ಬಲಕ್ಕೆ ಸರಿದಳು. ಡೊಳ್ಳಿನ ಮೇಳದ ಜಾಗಕ್ಕೆ ಬಂದು ನಿಂತಳು. ಅಲ್ಲಿ ಏನೂ ಇರಲಿಲ್ಲ, ಕಣದ ನೆಲದಂತೆ ಸಪಾಟು. ಮತ್ತೆ ಹಿಂದೆ ಸರಿದು ಮತ್ತೆ ಬಂದಳು.

“ಸರ್, ಸಲ್ಫೇಟ್ ಇಲ್ರಿ.”

ನಾನು ಅಳತೆಪಟ್ಟಿ ಇಸಿದುಕೊಂಡು ಅದೇ ಜಾಗವನ್ನು ಮತ್ತೊಮ್ಮೆ ನೋಡಿದೆ.

“ಇದ್ದು ಕಾಣದಂಗ ಇರಬಹುದೇನ್ರಿ? ಯಾವದರೆ ಗ್ರೂಪಿನಾಗ?”

ಆಕೆಗೆ ಉತ್ತರ ಗೊತ್ತಿತ್ತು. ನನ್ನ ಬಾಯಿಂದ ಬೇರೆ ಏನಾದರೂ ಬರಲಿ ಎಂಬ ಆಸೆ ಅಷ್ಟೇ.

“ಇಲ್ಲವಾ. ಯಾವ ಗ್ರೂಪಿನಾಗೂ ಇಲ್ಲ.”

ಇದ್ದ ಗೆರೆಗಳೆಲ್ಲ ಗ್ಲೈಸಿನ್ನಿನವು. ಬರೀ ನೀರಿನಲ್ಲಿ ಬೆಳೆದ ಗ್ಲೈಸಿನ್ ಹರಳಿಗೆ ಸಮಮಿತಿಯ ಕೇಂದ್ರವಿರುತ್ತದೆ, ಅದು ಹಸಿರು ಕೊಡುವುದಿಲ್ಲ. ಕೆಲವು ಉಪ್ಪುಗಳು ಜೊತೆಗಿದ್ದರೆ ಅದೇ ಗ್ಲೈಸಿನ್ ಇನ್ನೊಂದು ರೂಪದಲ್ಲಿ, ನಾನು ಹೇಳಿದ ಮೂರು ಕಲ್ಲಿನ ಒಲೆಯ ಸಮಮಿತಿಯಲ್ಲಿ, ಬೆಳೆಯುತ್ತದೆ. ಅದು ಹಸಿರು ಕೊಡುತ್ತದೆ. ಉಪ್ಪು ಹೊರಗೆ ನಿಂತು ದಾರಿ ತೋರಿಸುತ್ತದೆ, ಒಳಗೆ ಬರುವುದಿಲ್ಲ. ಹಸಿರು ಬೆಳಕು ಸುಳ್ಳಾಗಿರಲಿಲ್ಲ. ಹೊಸ ಸಂಯುಕ್ತ ಎಂಬುದು ಸುಳ್ಳಾಗಿತ್ತು. ಪುಸ್ತಕಗಳಲ್ಲಿ ಎಂದೋ ಬರೆದಿಟ್ಟ ಹಳೆಯ ಹರಳನ್ನು ನಾವು ಕಂಬಳಿ ಸುತ್ತಿ ಮತ್ತೊಮ್ಮೆ ಹುಟ್ಟಿಸಿದ್ದೆವು.

“ನಮ್ಮಪ್ಪನ ಅರಿಷಿಣ ನನ್ನ ಮಾನ ಮುಚ್ಚಿತ್ರಿ ಸರ್,” ಎಂದಳು ಮಾಳವ್ವ. “ನಾನ ತಗಸಿದೆ.”

ಥೀಸಿಸ್ ಟೈಪಾಗಿತ್ತು. ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಆ ಹಾಳೆಯನ್ನು ಕಪಾಟಿನಲ್ಲಿಟ್ಟು ಸುಮ್ಮನಿದ್ದಿದ್ದರೆ ಡಾಕ್ಟರೇಟ್ ಬರುತ್ತಿತ್ತು, ಅದರ ಬೆನ್ನಿಗೆ ಖಾಯಂ ನೌಕರಿಯೂ ಬಂದೀತು. ನಾನು ಹಾಗೆ ಮಾಡು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ತಗಡಿನ ಶೆಡ್ಡು ಆಕೆಯದು, ನನ್ನದಲ್ಲ. ಆಕೆ ಹಾಳೆ ಮಡಚಿ ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡು, “ನಾಳಿ ಇನಾಮದಾರ ಸರ್ ಕಡೆ ಹೋಗೂಣ್ರಿ, ನೀವೂ ಬರ್ರಿ,” ಎಂದಳು.

ಇನಾಮದಾರರು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರು ದಡ್ಡರಲ್ಲ. ನಾವು ನೋಡಿದ್ದನ್ನೇ ಅವರೂ ನೋಡಿದರು.

“ಸ್ಯಾಂಪಲ್ ಕೆಟ್ಟದ,” ಎಂದರು.

“ಇಲ್ರಿ ಸರ್. ಮೊದಲಿನದು ಕೆಟ್ಟಿತ್ರಿ. ಇದು ಛಲೋ ಐತಿ.”

“ಮಾಳವ್ವಾ, ಪೇಪರ್ ಛಾಪಿಸಿ ಬಂದದ. ನಿನ್ನ ಹೆಸರು ಮುಂದ ಅದ.”

“ಅದನ್ನ ವಾಪಸ್ ತಗೋಳೂಣ್ರಿ. ಇಲ್ಲಾ ನನ್ನ ಹೆಸರರೆ ತಗೀರಿ. ಥೀಸಿಸ್‌ನಾಗ ಇದ್ದದ್ದ ಬರೀತೀನಿ.”

“ಇದ್ದದ್ದು ಅಂದರ ಏನು? ಹಳೇ ಹರಳು ಬೆಳಸಿದೆ ಅಂತ? ಅದಕ್ಕ ಡಿಗ್ರಿ ಕೊಡ್ತಾರೇನ? ಜೋಶಿ, ನೀವರೆ ಬುದ್ಧಿ ಹೇಳ್ರಿ. ಹುಡುಗೀ ಭವಿಷ್ಯ ಅದ.”

ನಾನು ಹೇಳಿದೆ: “ಸರ್, ಆಕಿ ಹೇಳೂದು ಖರೆ ಅದ.”

ಅವರು ಕನ್ನಡಕ ತೆಗೆದು ಒರೆಸಿದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಜಗಳವಾಡಬಹುದಿತ್ತು. “ಅದೇ ವಿಷಯದ ಮ್ಯಾಲ ಇನ್ನೂ ಇಬ್ಬರು ಹುಡುಗರು ಕೆಲಸ ಮಾಡ್ಲಿಕ್ಕತ್ತಾರ. ನಾ ಸಹಿ ಮಾಡೂದಿಲ್ಲ,” ಎಂದು ಮೆಲ್ಲಗೆ ಹೇಳಿ ಚಹಾ ತರಿಸಿದರು. ಆ ಚಹಾ ನಾವು ಕುಡಿದೆವು. ಇದ್ದದ್ದು ಇದ್ದಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂದು ನಮ್ಮ ಅಜ್ಜಿ ಅನ್ನುತ್ತಿದ್ದಳು. ಎದ್ದು ಬಂದು ಒದೆಯುವವರು ಎಷ್ಟೋ ವಾಸಿ ಎಂದು ನನಗೆ ಅಂದು ಅನಿಸಿತು.

ನೋಂದಣಿ ಮುಗಿದುಹೋಯಿತು. ಬೇರೆ ಗೈಡ್ ಹುಡುಕಿಕೊಂಡು ನಾನು ಹತ್ತಿಳಿದ ಮೆಟ್ಟಿಲುಗಳಲ್ಲೆಲ್ಲ ಇನಾಮದಾರರ ಸ್ನೇಹಿತರೇ ಕುಳಿತಿದ್ದರು. ಪ್ರಬಂಧ ಹಿಂತೆಗೆದುಕೊಳ್ಳಿರಿ ಎಂದು ಪತ್ರಿಕೆಗೆ ಮಾಳವ್ವ ಬರೆದಳು. ಎಲ್ಲ ಲೇಖಕರ ಒಪ್ಪಿಗೆ ಬೇಕೆಂದು ಉತ್ತರ ಬಂತು. ಮುಂದಿನ ವರ್ಷ ನಮ್ಮ ಕಾಲೇಜು ಆಕೆಯನ್ನು ಅತಿಥಿಯಾಗಿಯೂ ಕರೆಯಲಿಲ್ಲ. ಪುನರ್ವಸತಿ ಕೇಂದ್ರದ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿಕೊಂಡಳು. ನಾನು ಹೋದಾಗಲೆಲ್ಲ ಬೀರಪ್ಪ ಹಾಲು ತಂದುಕೊಟ್ಟು ದೂರ ಕೂರುತ್ತಿದ್ದ. ಒಮ್ಮೆ ಮಾತ್ರ ಕೇಳಿದ: “ಮಾಸ್ತರ, ಮಾಳಿ ತಪ್ಪ ಮಾಡಿದ್ಲೇನ್ರಿ?”

“ಇಲ್ಲೋ ಬೀರಪ್ಪ.”

“ಮತ್ತ ನಾನೇನ್ರಿ?”

ಹಾಲಿನ ಲೋಟ ಕೆಳಗಿಟ್ಟು ಎದ್ದು ಅವನ ಪಕ್ಕ ಹೋಗಿ ಕುಳಿತೆ.

ನಾನು ನಿವೃತ್ತನಾದ ಮೇಲೆ, ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ ಒಬ್ಬ ತರುಣ ಉಪನ್ಯಾಸಕ ನನ್ನನ್ನು ಗುರುತು ಹಿಡಿದು ನಮಸ್ಕರಿಸಿದ. ಶ್ರೀಶೈಲ ಎಂದು ಹೆಸರು. ಆ ಪ್ರಬಂಧವನ್ನೇ ಆಧಾರ ಮಾಡಿಕೊಂಡು ಡಾಕ್ಟರೇಟಿಗೆ ಕೆಲಸ ಮಾಡುತ್ತಿದ್ದ.

“ಸರ್, ಪೂಜಾರಿ ಮೇಡಂ ನಿಮ್ಮ ಸ್ಟೂಡೆಂಟ್ ಅಂತಲ್ರಿ? ಅವರು ಬರದಂಗ ಮಾಡಿದ್ರೂ ನನ್ನ ಹರಳು ಹಳದಿ ಆಗವಲ್ದು. ಬೆಳ್ಳಗ ಬರತೈತಿ. ಅವರೇನರೆ ಬ್ಯಾರೆ ಹಾಕಿದ್ರೇನ್ರಿ?”

ಅವನನ್ನು ಕರೆದುಕೊಂಡು ಮಾಳವ್ವನ ಮನೆಗೆ ಹೋದೆ. ಆಕೆ ಅವನಿಗೆ ರೊಟ್ಟಿ, ಪುಂಡಿಪಲ್ಲೆ ಬಡಿಸಿ, ಉಂಡಾದ ಮೇಲೆ ಕೇಳಿದಳು.

“ಅವಧಿ ಎಷ್ಟು ಉಳದೈತ್ರಿ ನಿಮ್ಮದು?”

“ಇನ್ನೂ ಐತ್ರಿ ಮೇಡಂ. ಮೊನ್ನೆ ಮೊನ್ನೆ ಶುರು ಮಾಡೇನಿ.”

“ಹಂಗಾದ್ರ ಕೇಳ್ರಿ.”

ಶಾಲೆಯ ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಎಲ್ಲ ಹೇಳಿದಳು. ಅರಿಷಿಣ, ದಿಬ್ಬ, ಇಲ್ಲದ ಗೆರೆ. ಬೀರಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದ. ಹುಡುಗ ತಲೆ ತಗ್ಗಿಸಿ ಬರೆದುಕೊಂಡ. ಹೊರಡುವಾಗ ಆಕೆಯ ಕಾಲು ಮುಟ್ಟಿ, “ನನ್ನ ಉಳಿಸಿದ್ರಿ ಮೇಡಂ,” ಎಂದ. ಬಸ್ಸಿನಲ್ಲಿ ಹಿಂತಿರುಗುವಾಗ ನನ್ನ ಮನಸ್ಸು ಬಹಳ ದಿನಗಳ ಮೇಲೆ ಹಗುರಾಗಿತ್ತು.

ಮುಂದೆ ಅವನ ಪ್ರಬಂಧ ಅಂಚೆಯಲ್ಲಿ ನನ್ನ ವಿಳಾಸಕ್ಕೆ ಬಂತು, ನನಗೊಂದು ಪ್ರತಿ, ಮಾಳವ್ವನಿಗೊಂದು. ಹೆಸರು ಅದೇ, ಹೊಸ ಸಂಯುಕ್ತ. ಬಿಳಿ ಹರಳುಗಳೂ ಬರುತ್ತವೆ ಎಂದು ಒಂದು ಸಾಲು ಸೇರಿಸಿದ್ದ. ರಾಮನ್ ಇರಲಿಲ್ಲ. ಅವನಿಗೂ ಗೈಡ್ ಇದ್ದರು, ಅವರೂ ಚಹಾ ತರಿಸಿರಬಹುದು. ಕೊನೆಯ ಪುಟದಲ್ಲಿ, ಉಪಯುಕ್ತ ಚರ್ಚೆಗಾಗಿ ಶ್ರೀಮತಿ ಮಾಳವ್ವ ಪೂಜಾರಿಯವರಿಗೆ ಕೃತಜ್ಞತೆ.

ಕೊಡಬಾರದೆಂದುಕೊಂಡೇ ಮಾಳವ್ವನ ಪ್ರತಿಯನ್ನು ಹಿಡಿದುಕೊಂಡು ಆಕೆಯ ಶಾಲೆಗೆ ಹೋದೆ. ಆಕೆಯೇ ಕೇಳಿ ಇಸಿದುಕೊಂಡಳು. ಶಾಲೆಯ ವರಾಂಡದಲ್ಲಿ ನಿಂತು ಕೊನೆಯವರೆಗೂ ಓದಿದಳು. ಒಳಗೆ ಮಕ್ಕಳು ಗದ್ದಲ ಮಾಡುತ್ತಿದ್ದರು.

“ಮೊದಲನೇದರಾಗ ನನ್ನ ಹೆಸರು ಎಲ್ಲಾರ ಮ್ಯಾಲಿತ್ರಿ ಸರ್,” ಎಂದಳು. “ಈ ಸಲ ಎಲ್ಲಾರ ಕೆಳಗ ಇಳದೈತಿ. ಇಳೀಲಿ ಬಿಡ್ರಿ. ಮುಂದಿನವರು ಯಾರರೆ ಹೆಸರನ್ನ ಪೂರ್ತಿ ಬಿಟ್ಟಾರು.”

ಹಾಳೆಗಳನ್ನು ನನ್ನ ಕೈಗೆ ಕೊಟ್ಟು, ಸೀಮೆಸುಣ್ಣ ತೆಗೆದುಕೊಂಡು ತರಗತಿಗೆ ಹೋದಳು.